ಮಹಾನಂದಾಳ ಇಂಗಿತಗ್ರಾಹಿ

ಮಣಿಕಟ್ಟಿನ ಮೇಲಿದ್ದ ಇಂಗಿತಗ್ರಾಹಿ ಮೆಲ್ಲಗೆ ಮಿಡಿಯಿತು. “ನಿಮ್ಮ ಇಷ್ಟ ತಿಳಿಯಿತು” ಎಂದು ಕಿವಿಯಲ್ಲಿ ಪಿಸುಗುಟ್ಟಿತು. ಮರುಗಳಿಗೆಯಲ್ಲೇ ಬೀದಿಬದಿಯ ಅಂಗಡಿಯವಳು ಹಬೆಯಾಡುವ ಶಾವಿಗೆಯ ಬಟ್ಟಲು ತಂದಳು. ತಂದವಳು ಅದನ್ನು ಮಹಾನಂದಾಳ ಮುಂದೆ ಇಡಲಿಲ್ಲ. ಪಕ್ಕದ ಸ್ಟೂಲಿನ ಮೇಲೆ ಕುಳಿತಿದ್ದ, ಎಂದೂ ಕಂಡಿರದ ಮುದುಕನೊಬ್ಬನ ಮುಂದೆ ಇಟ್ಟಳು. ಮುದುಕ ಬಟ್ಟಲನ್ನೂ ಇವಳನ್ನೂ ನೋಡಿದ, ತಲೆಬಾಗಿದ, ಸೊರಸೊರನೆ ತಿನ್ನತೊಡಗಿದ.

ಇಂಗಿತಗ್ರಾಹಿ ಅವಳ ನಾದಿನಿ ಡಾ. ನೀಲಾಂಬಿಕಾ ಧಾರವಾಡದ ತನ್ನ ಪ್ರಯೋಗಾಲಯದಲ್ಲಿ ಕಟ್ಟಿದ ಯಂತ್ರ. ಬಾಯಿ ಹೇಳುವ ಮೊದಲೇ ದೇಹ ತನಗೇನು ಬೇಕೆಂದು ಹೇಳಿರುತ್ತದೆ ಎಂಬುದು ಅದರ ತತ್ತ್ವ. ನಾಡಿಯ ಲಯ, ಬೆರಳತುದಿಯ ಬಿಸಿ, ಚರ್ಮದ ತೇವ ಇವನ್ನೆಲ್ಲ ಅಳೆದು ಅದು ‘ಒಲವಿನ ರೇಖೆ’ ಎಳೆಯುತ್ತದೆ. ರೇಖೆ ಏರಿದ ಕಡೆ ಇಷ್ಟವಿದೆ ಎಂದು ಲೆಕ್ಕ. ಕೂಡಲೇ ಅಂಗಡಿಗೋ ರೈಲಿಗೋ ಸುದ್ದಿ ಮುಟ್ಟಿಸಿ, ಬೇಕಾದ್ದನ್ನು ತರಿಸಿಕೊಡುತ್ತದೆ.

ಇದನ್ನು ಮೊದಲು ಕಟ್ಟಿಕೊಳ್ಳಲು ಮಹಾನಂದಾಳಿಗಿಂತ ತಕ್ಕವರು ಸಿಗುತ್ತಿರಲಿಲ್ಲ. ಸೀರೆ ಯಾವುದು, ಪಲ್ಯ ಯಾವುದು, ಊರು ಯಾವುದು ಎಂದು ಏನೇ ಕೇಳಿದರೂ ಅವಳ ಉತ್ತರ ಒಂದೇ: “ಏನಿದ್ದರೂ ನಡೀತದ.” ಐವತ್ತು ದಾಟಿದ ಮೇಲೆ ಒಂದು ದಿನ ಅವಳಿಗೇ ದಿಗಿಲಾಯಿತು. ನಿಜವಾಗಿ ತನಗೇನು ಬೇಕೆಂಬುದು ತನಗೇ ಗೊತ್ತಿರಲಿಲ್ಲ. ಒಂದು ವಾರವಾದರೂ ಒಬ್ಬಳೇ ಇದ್ದು ಅದನ್ನು ತಿಳಿಯಬೇಕು. ಮರಳಿ ಅಡುಗೆಮನೆ ಹೊಕ್ಕ ಮೇಲೆ ಕೇಳುವವರಾರು? ಹೀಗೆಂದುಕೊಂಡೇ ಅವಳು ಚೀನಾದ ಚೊಂಗ್‌ಚಿಂಗ್‌ಗೆ ವಿಮಾನ ಹತ್ತಿದ್ದಳು.

ಊರು ಮಾತ್ರ ಕಣ್ಣು ತುಂಬುವಂಥದು. ಬೀದಿಯಿಂದ ಕಟ್ಟಡದೊಳಗೆ ಹೊಕ್ಕು ಲಿಫ್ಟಿನಲ್ಲಿ ಇಪ್ಪತ್ತೆರಡನೆಯ ಅಂತಸ್ತಿಗೆ ಹೋಗಿ ಹೊರಬಂದರೆ ಅಲ್ಲೂ ಬೀದಿ, ಅಲ್ಲೂ ಬಸ್ಸು, ಅಲ್ಲೂ ಬಟಾಟೆ ಕರಿಯುವವರು. ಜನ ವಾಸವಿದ್ದ ಕಟ್ಟಡವೊಂದರ ಹೊಟ್ಟೆಯೊಳಗೆ ಅವಳಿದ್ದ ರೈಲು ನುಗ್ಗಿ ಆಚೆ ಹೊರಬಿತ್ತು. ಎಲ್ಲರೂ ಫೋಟೊ ತೆಗೆಯುತ್ತಿದ್ದರೆ ಮಹಾನಂದಾ ಮಾತ್ರ, ಅಲ್ಲಿನ ಮನೆಗಳಲ್ಲಿ ಒಲೆಯ ಮೇಲಿಟ್ಟ ಹಾಲು ಅಲುಗಾಡಿ ಉಕ್ಕುವುದಿಲ್ಲವೇ ಎಂದು ಯೋಚಿಸಿದಳು. ಆ ಹೊತ್ತಿಗೆ ಯಂತ್ರವು ಅವಳಿಗೆಂದು ಕಾದಿರಿಸಿದ್ದ ಕಿಟಕಿಯ ಸೀಟನ್ನು ಎದುರಿನ ಹೆಂಗಸಿಗೆ ಬಿಟ್ಟುಕೊಟ್ಟಿತ್ತು.

ಶಾವಿಗೆಯಂಗಡಿಯಿಂದಲೇ ಅವಳು ಧಾರವಾಡಕ್ಕೆ ಫೋನು ಹಚ್ಚಿದಳು.

“ನೀಲಾ, ನಿನ್ನ ಯಂತ್ರಕ್ಕ ತಲಿ ಕೆಟ್ಟದ. ಊರ ಮಂದಿಗೆಲ್ಲಾ ಊಟಾ ಹಾಕಸ್ಲಿಕ್ಕತ್ತದ.”

“ತಡೀರಿ ವೈನಿ, ನಿಮ್ಮ ಒಲವಿನ ರೇಖಾ ನೋಡ್ತೀನಿ.” ಕೀಲಿಗಳನ್ನು ಒತ್ತುವ ಸದ್ದು ಕೇಳಿಸಿತು. “ಆ ಮುದುಕ ಮೊದಲನೇ ತುತ್ತು ಬಾಯಿಗಿಟ್ಟಾಗ ನಿಮ್ಮ ರೇಖಾ ಜಿಗಿದದ. ಮುಂಜಾನೆ ನೀವು ತಿಂದಾಗ ಅಲ್ಲಾಡಿಲ್ಲ.”

“ಅಂದ್ರ?”

“ಅಂದ್ರ ತಪ್ಪು ನಂದು. ಇದನ್ನ ನಾವು ಪಳಗಿಸಿದ್ದು ಎಲ್ಲಿ? ನಿಮ್ಮ ಅಡಗಿಮನ್ಯಾಗ. ನೀವು ಬಡಸೋದನ್ನ ನೋಡಿ ನೋಡೇ ಅದು ಕಲತದ. ಅಣ್ಣ ಉಂಡು ‘ಚಲೋ ಆಗೇದ’ ಅಂದಕೂಡ್ಲೇ ನಿಮ್ಮ ನಾಡಿ ಕುಣೀತದ.”

“ನಿಮ್ಮಣ್ಣ ಹಂಗ ಯಾವಾಗ ಅಂದಾರ?”

“ಅನ್ನದಿದ್ರೂ, ಇನ್ನೇನು ಅಂತಾನ ಅಂತ ಕುಣೀತದ ವೈನಿ!” ನೀಲಾ ನಕ್ಕಳು. “ಈಗ ಹಳೇ ಕಲಿಕೆ ಎಲ್ಲಾ ಅಳಿಸ್ತೀನಿ. ಇವತ್ತ ಸಂಜೀಕ ಒಬ್ಬರೇ ಕೂತು ಉಣ್ರಿ. ಯಾರಿಗೂ ಬಡಸಬ್ಯಾಡ್ರಿ. ಅದು ಹೊಸದಾಗಿ ಕಲೀಲಿ.”

ಸಂಜೆ ಅವಳು ಒಂದು ಹೋಟೆಲು ಹೊಕ್ಕಳು. ಮೇಜಿನ ನಡುವೆಯೇ ಒಲೆ, ಅದರ ಮೇಲೆ ಅಣಬೆಯ ತಿಳಿಸಾರು ಕುದಿಯುತ್ತಿತ್ತು. ಕಾಯಿಪಲ್ಯಗಳನ್ನು ತಾವೇ ಅದ್ದಿ ಬೇಯಿಸಿಕೊಂಡು ತಿನ್ನಬೇಕು. ಒಂಟಿಯಾಗಿ ಬಂದವರಿಗೆ ಬೇಸರವಾಗದಿರಲೆಂದು ಎದುರು ಕುರ್ಚಿಯಲ್ಲಿ ದೊಡ್ಡ ಗೊಂಬೆಯನ್ನು ಕೂರಿಸುವುದು ಆ ಹೋಟೆಲಿನ ರೂಢಿ. ಇವಳ ಪಾಲಿಗೆ ಬಂದದ್ದು ಕಪ್ಪುಬಿಳಿಯ ಕರಡಿ.

ಅಣಬೆ ಬೆಂದಿತು. ಮಹಾನಂದಾ ಒಂದನ್ನೆತ್ತಿ, ಆರಿಸಿ, ಕರಡಿಯ ತಟ್ಟೆಗೆ ಹಾಕಿದಳು. ಹಾಕಿದ ಮೇಲೆ ನಾಲಿಗೆ ಕಚ್ಚಿಕೊಂಡಳು. “ನಿಮ್ಮ ಇಷ್ಟ ತಿಳಿಯಿತು” ಎಂದಿತು ಇಂಗಿತಗ್ರಾಹಿ. ಪರಿಚಾರಕ ಬಂದು, ಮುಖದಲ್ಲಿ ನಗು ತೋರದೆ, ಕರಡಿಯ ಮುಂದೆ ಇನ್ನೊಂದು ತಟ್ಟೆ ಅಣಬೆ ಇಟ್ಟುಹೋದ.

ಪಕ್ಕದ ಮೇಜಿನಿಂದ ಗಹಗಹಿಸುವ ನಗು ಕೇಳಿಸಿತು. ಇವಳದೇ ವಯಸ್ಸಿನ ಹೆಂಗಸು, ಎದುರಿಗೆ ತನ್ನದೊಂದು ಮೊಲದ ಗೊಂಬೆ. ಅವಳು ಮೊಲವನ್ನು ಕಂಕುಳಿಗೇರಿಸಿಕೊಂಡು ಎದ್ದು ಬಂದಳು, ಕರಡಿಯನ್ನು ಸರಿಸಿ ಅದರ ಜಾಗದಲ್ಲಿ ಕುಳಿತಳು. ಹೆಸರು ಷು ಮೇಯ್, ರೈಲು ಓಡಿಸುವ ಕೆಲಸದಿಂದ ಈಚೆಗೆ ನಿವೃತ್ತಳು. ಮಹಾನಂದಾ ಕಿವಿಗಿಟ್ಟಿದ್ದ ಅನುವಾದಯಂತ್ರ ಅವಳ ಮಾತನ್ನೆಲ್ಲ ಪುಸ್ತಕದ ಕನ್ನಡಕ್ಕೆ ತಿರುಗಿಸುತ್ತಿತ್ತು.

“ಅಕ್ಕಾ, ಆ ಕರಡಿ ಬೆಳಗಿನಿಂದ ಎಲ್ಲರ ಮೇಜಿನಲ್ಲೂ ಉಂಡಿದೆ. ನೀವು ತಿನ್ನಿರಿ.”

ಹೀಗೆನ್ನುತ್ತಲೇ ಊಟದ ಕಡ್ಡಿಗಳಿಂದ ಒಂದು ಅಣಬೆ ಎತ್ತಿ ಮಹಾನಂದಾಳ ಬಟ್ಟಲಿಗೆ ಹಾಕಿದಳು. ತಾವರೆದಂಟಿನ ಬಿಲ್ಲೆ ಹಾಕಿದಳು. ಮಹಾನಂದಾ “ಸಾಕು, ಸಾಕು” ಎಂದು ಬಟ್ಟಲಿಗೆ ಕೈ ಅಡ್ಡ ಹಿಡಿದಳು. ಬೇಡವೆಂದವರಿಗೆ ಇನ್ನೆರಡು ಹೆಚ್ಚು ಹಾಕುವ ಪದ್ಧತಿ ಅಲ್ಲಿಯೂ ಇತ್ತು. ಕೈ ಸರಿಸಿ ಷು ಮೇಯ್ ಮತ್ತೆ ಹಾಕಿದಳು. ತಿರುಗಿ ಅವಳಿಗೆ ಬಡಿಸಲು ಮಹಾನಂದಾ ಸೌಟಿಗೆ ಕೈಹಾಕಿದಾಗ ಮುಂಗೈಗೊಂದು ಪೆಟ್ಟು ಬಿತ್ತು.

“ಮೊದಲು ನೀವು ತಿನ್ನಿರಿ. ಆರಿಹೋಗುತ್ತದೆ.”

ಈ ಮಾತನ್ನು ಮಹಾನಂದಾ ಜೀವನವಿಡೀ ಎಲ್ಲರಿಗೂ ಹೇಳಿದ್ದಳು. ತನಗೆ ಯಾರಾದರೂ ಹೇಳಿದ್ದು ನೆನಪಿರಲಿಲ್ಲ. ಅಣಬೆಯನ್ನು ಬಾಯಿಗಿಟ್ಟಳು. ಬಿಸಿ ನಾಲಿಗೆ ಸುಟ್ಟಿತು, ಕಣ್ಣಲ್ಲಿ ನೀರು ಬಂತು, ನಗುವೂ ಬಂತು. ಇಂಗಿತಗ್ರಾಹಿ ಒಂದೇ ಸಮನೆ ಮಿಡಿಯಿತು. ಆದರೆ ಈ ಇಷ್ಟವನ್ನು ಯಾವ ಅಂಗಡಿಯಿಂದ ತರಿಸಬೇಕೆಂದು ತಿಳಿಯದೆ ಸುಮ್ಮನಾಯಿತು.

ಫೋನು ಬಂತು. “ವೈನಿ! ರೇಖಾ ಪರದೆ ದಾಟಿ ಮ್ಯಾಲೆ ಹೋಗೇದ! ಏನ್ ನೋಡಿದ್ರಿ? ನದೀನೋ, ದೀಪಾನೋ?”

“ಏನೂ ನೋಡಲಿಲ್ಲವ್ವಾ. ಒಬ್ಬಾಕಿ ನನಗ ಬಡಿಸಿದಳು.”

ವೈನಿಯ ಕೈಯಡುಗೆ ಉಂಡೇ ನೀಲಾ ಡಾಕ್ಟರೇಟು ಮುಗಿಸಿದ್ದಳು. ಅವಳು ಸಣ್ಣ ದನಿಯಲ್ಲಿ, “ಇಷ್ಟು ಸಣ್ಣದನ್ನ ತಿಳೀಲಿಕ್ಕೆ ಯಂತ್ರಾ ಕಟ್ಟಬೇಕಾತು ನಾನು. ನೀವು ಬಂದ ದಿನಾ ನಾನೇ ಬಡಿಸ್ತೀನಿ. ಏನ್ ಮಾಡ್ಲಿ ಹೇಳ್ರಿ?” ಎಂದಳು.

‘ಏನಿದ್ದರೂ’ ಎಂಬುದು ತುಟಿಯವರೆಗೆ ಬಂದಿತ್ತು. ಮಹಾನಂದಾ ಅದನ್ನು ಅಣಬೆಯ ಜೊತೆ ನುಂಗಿದಳು.

“ಎಣಗಾಯಿ ಪಲ್ಯಾ ಬೇಕು. ಜ್ವಾಳದ ರೊಟ್ಟಿ ಬಿಸಿ ಬಿಸಿ ಬೇಕು. ಊಟಕ್ಕ ನಾ ಮೊದಲ ಕೂಡ್ತೀನಿ.”

“ಅಯ್ಯ ವೈನಿ, ರೊಟ್ಟಿ ಬಡಿಯೋದು ನನಗೆಲ್ಲಿ ಬರ್ತದ!”

“ನಿಮ್ಮಣ್ಣಗ ಹೇಳು. ನಾ ಬರೂದರಾಗ ಕಲೀಲಿ” ಎಂದು ಫೋನಿಟ್ಟು, ಮಹಾನಂದಾ ಖಾಲಿ ಬಟ್ಟಲನ್ನು ಷು ಮೇಯ್‌ಳತ್ತ ಚಾಚಿದಳು.