ಸೊಳ್ಳೆ ಸಾಹೇಬರ ಸುಳ್ಳು

"ಏಯ್, ನಿಲ್ಲಿಸಿ! ಆ ಬಕೆಟ್ ಬಗ್ಗಿಸಿದ್ರೆ ನೋಡಿ!"

ಕೊರಳಲ್ಲಿ ಅಳತೆಯ ಟೇಪು ನೇತಾಡುತ್ತಿದ್ದ ಹಾಗೇ ಅವಳು ತನ್ನ ಹೊಲಿಗೆ ಅಂಗಡಿಯಿಂದ ಹಿತ್ತಲಿಗೆ ಓಡಿಬಂದಳು. ಅವಳ ಪುಟ್ಟ ಕೊಳದ ದಂಡೆಯಲ್ಲಿ ಸೊಳ್ಳೆ ನಿಯಂತ್ರಣ ಕಚೇರಿಯವನು ನಿಂತಿದ್ದ. ಬಕೆಟ್ಟಿನ ತುಂಬ ಪರದೇಶದ ಮೀನು.

"ಸೊಳ್ಳೆ ಮರಿ ತಿನ್ನೋಕೆ ಬಿಡ್ತಿದೀನಿ ಮೇಡಂ. ಆರ್ಡರ್ ಇದೆ."

"ಜೊತೆಗೆ ನನ್ನ ಮೀನಿನ ಮರಿಗಳನ್ನೂ ತಿಂದು ತೇಗುತ್ವೆ! ಆ ಕೆಲಸಕ್ಕೆ ನಮ್ಮ ಹೊಳೆ ಮೀನೇ ಸಾಕು."

ಅವನು ಬಗ್ಗಿ ನೋಡಿದ. ಕಿರುಬೆರಳುದ್ದದ ಮೀನುಗಳು, ನೆತ್ತಿಯ ಮೇಲೊಂದು ಬೆಳ್ಳಿ ಚುಕ್ಕೆ.

"ಇವಾ?" ಎಂದು ನಕ್ಕುಬಿಟ್ಟ.

ಅವಳಿಗೆ ಮೈಯೆಲ್ಲ ಉರಿಯಿತು. ಹನ್ನೆರಡು ಮೀನು ಹಿಡಿದು ಡಬ್ಬಿಗೆ ಹಾಕಿ ಅವನ ಕೈಗಿಟ್ಟಳು. "ಆಫೀಸಲ್ಲಿ ಸಾಕಿ ನೋಡಿ. ಆಮೇಲೆ ನಗಿ!"

ಅಂದಿನಿಂದ ಪ್ರತಿ ಸೋಮವಾರ ಅವನು ಆ ಮೀನುಗಳ ವರದಿ ಒಪ್ಪಿಸಲು ಬರತೊಡಗಿದ. ವರದಿ ಎರಡು ನಿಮಿಷ, ಮಾತು ಎರಡು ಗಂಟೆ! ಅವಳ ಅಮ್ಮ ಅವನಿಗೆ 'ಸೊಳ್ಳೆ ಸಾಹೇಬ್ರು' ಎಂದು ಹೆಸರಿಟ್ಟರು.

ಐದನೆಯ ಸೋಮವಾರ ಅವನು ಬರಲಿಲ್ಲ. ಆರನೆಯದಕ್ಕೂ ಇಲ್ಲ...

ಅವಳಿಗೆ ಕೂತಲ್ಲಿ ಕೂರಲಾಗಲಿಲ್ಲ. ರವಿಕೆಯ ಎಡದ ತೋಳನ್ನು ಬಲಕ್ಕೆ ಹೊಲಿದಳು, ಬಿಚ್ಚಿದಳು, ಮತ್ತೆ ಹಾಗೇ ಹೊಲಿದಳು. ಬಾಗಿಲಲ್ಲಿ ಚಪ್ಪಲಿ ಸದ್ದಾದರೆ ಸೂಜಿ ಬೆರಳಿಗೇ ಚುಚ್ಚುತ್ತಿತ್ತು.

"ಹೀಗೆ ಚಡಪಡಿಸೋ ಬದಲು ಹೋಗಿ ನೋಡ್ಕೊಂಡು ಬಾರೇ," ಎಂದರು ಅಮ್ಮ.

"ನಾನೆಲ್ಲಿ ಚಡಪಡಿಸ್ತಿದೀನಿ? ನಂಗೆ ಮೀನಿನ ಚಿಂತೆ!"

ಹೋದಳು. ಕಚೇರಿಯ ಗಾಜಿನ ತೊಟ್ಟಿಯಲ್ಲಿ ಹನ್ನೆರಡು ಮೀನು ಈಜುತ್ತಿದ್ದವು. ಅವಳನ್ನು ಕಂಡದ್ದೇ ಅವನ ಮುಖ ಬಿಳಿಚಿಕೊಂಡಿತು.

"ಎಲ್ಲಾ... ಚೆನ್ನಾಗಿವೆ."

ಅವಳು ಗಾಜಿಗೆ ಮುಖವಿಟ್ಟು ನೋಡಿದಳು. ಬಾಲ ಹರಿದ ಹೆಣ್ಣು ಮೀನೆಲ್ಲಿ? ಸದಾ ಮೂಲೆ ಹಿಡಿಯುತ್ತಿದ್ದ ಗಂಡೆಲ್ಲಿ?

"ಇವು ನನ್ನವಲ್ಲ."

ಅವನು ತಲೆ ತಗ್ಗಿಸಿದ.

"ಕಣ್ಣೆದುರೇ ಸುಳ್ಳು! ಇಷ್ಟು ದಿನ ಆಡಿದ ಮಾತೆಲ್ಲ ಹೀಗೇನಾ?"

ಉತ್ತರಕ್ಕೂ ಕಾಯದೆ ಹೊರಟುಬಂದಳು. ಬಂದವಳಿಗೆ ಊಟ ಸೇರಲಿಲ್ಲ. 'ಮೋಸಗಾರ' ಎಂದು ಬೈದುಕೊಂಡಳು. ಬೈಯುತ್ತಲೇ ಹತ್ತು ಸಲ ಬೀದಿಗೆ ಇಣುಕಿದಳು.

ಮೂರನೆಯ ದಿನ ಮಧ್ಯಾಹ್ನ ಅವನು ಅಂಗಡಿಯ ಹೊಸಿಲಾಚೆ ಬಂದು ನಿಂತ.

"ತೊಟ್ಟಿಗೆ ನಲ್ಲಿ ನೀರು ಹಾಗೇ ತುಂಬಿಸ್ಬಿಟ್ಟೆ. ಅದರಲ್ಲಿರೋ ಕ್ಲೋರಿನ್ ಔಷಧಿಗೆ ಒಂದೂ ಉಳೀಲಿಲ್ಲ. ಹದಿನೈದು ದಿನ ಹೊಳೆಗಿಳಿದು ಅಂಥವೇ ಹುಡುಕಿ ತಂದೆ."

"ಸತ್ತುಹೋದ್ವು ಅಂತ ಒಂದು ಮಾತು ಹೇಳೋಕೆ ಏನಾಗಿತ್ತು ನಿಮಗೆ?"

"ಮೀನಿಲ್ಲ ಅಂದ್ರೆ ವರದಿ ಇಲ್ಲ. ವರದಿ ಇಲ್ದೆ ಯಾವ ಮುಖ ಇಟ್ಕೊಂಡು ಇಲ್ಲಿಗೆ ಬರ್ಲಿ? ನಿಮ್ಮನ್ನ ನೋಡ್ದೆ ಇರೋಕಾಗಲ್ಲ... ಅದಕ್ಕೇ ಸುಳ್ಳು ಹೇಳ್ದೆ."

ಹೊಲಿಗೆ ಯಂತ್ರ ತುಳಿಯುತ್ತಿದ್ದ ಅವಳ ಕಾಲು ತಾನಾಗಿ ನಿಂತಿತು, ಕಣ್ಣು ತುಂಬಿತು. ಸತ್ತ ಮೀನುಗಳಿಗಾಗಿ ಬಂದ ಅಳುವೋ, ಇದು ಬೇರೆಯದೋ... ಅವಳಿಗೇ ತಿಳಿಯಲಿಲ್ಲ.

"ಅವತ್ತೇ ಹೇಳಿದ್ರೆ ಚೆನ್ನಾಗಿ ಬೈತಿದ್ದೆ. ಬರಬೇಡಿ ಅಂತ ಮಾತ್ರ ಅಂತಿರ್ಲಿಲ್ಲ."

"ಈಗ...?"

"ಈಗಲೂ ಬೈತೀನಿ," ಎಂದು ಕಣ್ಣೊರೆಸಿಕೊಂಡು ಸ್ಟೂಲನ್ನು ಅವನತ್ತ ಸರಿಸಿದಳು. "ತುಂಬಾ ಹೊತ್ತಾಗುತ್ತೆ. ಒಳಗೆ ಬಂದು ಕೂತ್ಕೊಳ್ಳಿ."