ಒಂಬತ್ತು ಲೋಟ ರಿಗತೋನಿ

"ಎಂಟು... ಒಂಬತ್ತು!" ನುನ್ಸಿಯಾ ತಗಡಿನ ಲೋಟವನ್ನು ಬೋಗುಣಿಗೆ ಸುರಿದಳು. "ಆಯ್ತಮ್ಮಾ. ಒಂಬತ್ತು ಜನಕ್ಕೆ ಒಂಬತ್ತು ಲೋಟ."

"ಸರಿಯಾಗಿ ಎಣಿಸಿದೀಯಾ? ಕಡಿಮೆ ಕಾಣ್ತಿದೆಯಲ್ಲೇ," ಟೊಮೆಟೊ ಸಾಸ್ ಕದಡುತ್ತಿದ್ದ ಅಮ್ಮ ಹುಬ್ಬು ಗಂಟಿಕ್ಕಿದಳು.

"ಲೋಟಕ್ಕೆ ನೂರು ಗ್ರಾಂ. ನೀನೇ ಹೇಳ್ಕೊಟ್ಟಿದ್ದು! ದೇವರಾಣೆ, ಒಂಬತ್ತು."

ತಕ್ಕಡಿ ಕೆಟ್ಟು ತಿಂಗಳಾಗಿತ್ತು. ಸಂಜೆ ಸೂಪಿಗೆ ಹಾಕುವ ಪುಟ್ಟ ಪಾಸ್ತಾವನ್ನು, ಕಡಲೆಕಾಳಿನಷ್ಟು ದಪ್ಪದ್ದನ್ನು, ನುನ್ಸಿಯಾ ಆ ಲೋಟದಲ್ಲೇ ಅಳೆಯುತ್ತಿದ್ದಳು. ಒಮ್ಮೆಯೂ ತಪ್ಪಿರಲಿಲ್ಲ.

ಇವತ್ತಿನದು ರಿಗತೋನಿ, ಹೆಬ್ಬೆರಳು ಗಾತ್ರದ ಕೊಳವೆಗಳು. ಎದುರುಮನೆಯ ಗೆಳತಿ ಮಿಮ್ಮಾಳ ಅಜ್ಜಿ ತೀರಿಕೊಂಡು ಎರಡು ದಿನ. ಸಾವಾದ ಮನೆಯಲ್ಲಿ ಒಲೆ ಹಚ್ಚುವಂತಿಲ್ಲ. ಓಣಿಯವರು ಸರದಿಯಂತೆ ಊಟ ಒಯ್ಯಬೇಕು. ಇವತ್ತು ಇವರ ಸರದಿ.

ಅರ್ಧ ಕಿಲೋದ ಎರಡು ಪ್ಯಾಕೆಟ್ ತಂದಿದ್ದರು. ಒಂದು ಖಾಲಿಯಾಗಿತ್ತು. ಎರಡನೆಯದನ್ನು ಎತ್ತಿಡುವಾಗ ನುನ್ಸಿಯಾಳ ಕೈ ತಡೆಯಿತು. ಅದರಲ್ಲಿ ನೂರು ಗ್ರಾಂ ಉಳಿಯಬೇಕಿತ್ತು. ನೋಡಿದರೆ ಮುಕ್ಕಾಲು ಪ್ಯಾಕೆಟ್ಟಿಗಿಂತ ಹೆಚ್ಚೇ ಇತ್ತು.

ಹೇಳಿದರೆ ಬೈಗುಳ. ಎಣಿಕೆಯಂತೂ ಕರೆಕ್ಟ್. ಅವಳು ಪ್ಯಾಕೆಟ್ಟನ್ನು ಹಿಟ್ಟಿನ ಡಬ್ಬಿಯ ಹಿಂದೆ ತಳ್ಳಿದಳು.

ಎದುರುಮನೆಯ ಬಾಗಿಲು ಅರ್ಧ ಮುಚ್ಚಿತ್ತು. ಒಳಗೆ ಯಾರೂ ಜೋರಾಗಿ ಮಾತಾಡುತ್ತಿರಲಿಲ್ಲ. ಅಮ್ಮ ಮೊದಲು ಆ ಮನೆಯ ಹಿರಿಯ ಕೋಸಿಮೊ ತಾತನಿಗೆ ಬಡಿಸಿದಳು. ಐದನೆಯ ಪ್ಲೇಟಿನಿಂದ ಅವಳು ಹಾಕುವ ಪಾಲು ಸಣ್ಣದಾಗುತ್ತಾ ಬಂತು. ಎಂಟನೆಯದಕ್ಕೆ ಸೌಟು ಪಾತ್ರೆಯ ತಳ ಕೆರೆಯಿತು.

ಒಂಬತ್ತನೆಯ ಪ್ಲೇಟು ಮಿಮ್ಮಾಳದು.

"ನಂಗೆ ಹಸಿವಿಲ್ಲ," ಎಂದು ಮಿಮ್ಮಾ ಖಾಲಿ ಪ್ಲೇಟನ್ನು ತೊಡೆಯ ಮೇಲಿಟ್ಟುಕೊಂಡಳು.

ಸಾವಿನ ಮನೆಗೆ ತಂದ ಊಟ ಸಾಲಲಿಲ್ಲ! ಅಮ್ಮನ ಕಿವಿ ಕೆಂಪಾಯಿತು. ಯಾರಾದರೂ ಬೈದಿದ್ದರೆ ಎಷ್ಟೋ ವಾಸಿಯಿತ್ತು.

ನುನ್ಸಿಯಾ ಮನೆಗೆ ಓಡಿ ನೀರು ಕಾಯಲಿಟ್ಟಳು. ಪ್ಯಾಕೆಟ್ಟಿನಿಂದ ಒಂದು ರಿಗತೋನಿ ತೆಗೆದು ಬೆರಳಿಗೆ ಸಿಕ್ಕಿಸಿಕೊಂಡಳು. ಬೆರಳು ಆ ಕಡೆ ಹೊರಬಂತು. ಒಳಗೆಲ್ಲ ತೂತು. ಅಂದರೆ ಪ್ರತಿ ಲೋಟದಲ್ಲೂ ಅಷ್ಟೊಂದು ಬರೀ ಗಾಳಿ ಅಳೆದಿದ್ದಳು!

ಹಿಂದೆ ಅಮ್ಮ ನಿಂತಿದ್ದಳು. "ಇದೆಲ್ಲಿತ್ತೇ?"

"ಉಳಿದಿತ್ತು. ನಾನು ನೋಡ್ದೆ ಅಮ್ಮಾ. ಆಗ್ಲೇ ನೋಡ್ದೆ. ಹೇಳ್ಲಿಲ್ಲ."

ಅಮ್ಮನ ಕೈ ಮೇಲೆದ್ದಿತು. ಬೀಳುತ್ತದೆಂದು ನುನ್ಸಿಯಾ ಕಣ್ಣು ಮುಚ್ಚಿದಳು. ಅಮ್ಮ ಗೂಡಿನಿಂದ ಉಪ್ಪು ತೆಗೆದು ನೀರಿಗೆ ಹಾಕಿದಳು. "ಪೂರ್ತಿ ಸುರಿ," ಎಂದಳು. "ನೀನೇ ಒಯ್ಯಿ. ನಾನು ಬರಲ್ಲ."

ಮಿಮ್ಮಾ ಹೊರಗೆ ಮೆಟ್ಟಿಲ ಮೇಲೆ ಕೂತಿದ್ದಳು.

"ತಪ್ಪಾಗಿ ಅಳೆದದ್ದು ನಾನು. ಗೊತ್ತಾದ್ರೂ ಸುಮ್ಮನಿದ್ದೆ," ಎಂದಳು ನುನ್ಸಿಯಾ.

ಮಿಮ್ಮಾ ಫೋರ್ಕ್ ತೆಗೆದುಕೊಂಡು ಪಾತ್ರೆಗೇ ಹಾಕಿದಳು. ಗಬಗಬನೆ ತಿಂದಳು. ಒಂದು, ಎರಡು, ಹತ್ತು ತುತ್ತು. ಹಸಿವಿಲ್ಲ ಎಂದವಳು!

ಆಮೇಲೆ ಅವಳ ಕೈ ನಿಧಾನವಾಯಿತು. "ಅಜ್ಜಿ ಯಾವಾಗ್ಲೂ ಜಾಸ್ತಿನೇ ಹಾಕ್ತಿದ್ಲು. ಬೇಡ ಬೇಡ ಅಂದ್ರೂ."

ಬಾಯಿ ತುಂಬ ಪಾಸ್ತಾ ಇಟ್ಟುಕೊಂಡೇ ಮಿಮ್ಮಾ ಅಳತೊಡಗಿದಳು. ಎರಡು ದಿನದಿಂದ ಅವಳು ಅತ್ತದ್ದನ್ನು ಓಣಿಯಲ್ಲಿ ಯಾರೂ ನೋಡಿರಲಿಲ್ಲ.

ಬಿಸಿ ಪಾತ್ರೆ ನುನ್ಸಿಯಾಳ ಬೆರಳು ಸುಡುತ್ತಿತ್ತು. ಅದನ್ನು ಕೆಳಗಿಡದೆ, ಗೆಳತಿಗೆ ಎಟುಕುವಂತೆ ಹಿಡಿದುಕೊಂಡೇ ಪಕ್ಕದಲ್ಲಿ ಕೂತಳು.