ಲಿಫ್ಟಿನವನ ಕಿವಿ ಪರೀಕ್ಷೆ

ಅವನ ಕಿವಿ ಮಂದವಾಗಿದೆ ಎಂದು ಅವಳು ತೀರ್ಮಾನಿಸಿದ್ದು ಮೂರನೆಯ ಭಾನುವಾರ.

ತೀರ್ಮಾನಿಸುವ ಅಧಿಕಾರ ಅವಳಿಗಿತ್ತು. ಹನ್ನೊಂದು ವರ್ಷದಿಂದ ಅವಳ ಕೆಲಸವೇ ಕಿವಿ ಪರೀಕ್ಷೆ. ಗಾಜಿನ ಕೋಣೆಯಲ್ಲಿ ಜನರನ್ನು ಕೂರಿಸಿ, ಹೆಡ್‌ಫೋನ್ ತೊಡಿಸಿ, ಸಣ್ಣ ಸಣ್ಣ ಸದ್ದು ಕಳಿಸಿ, ಕೇಳಿದಾಗ ಗುಂಡಿ ಒತ್ತಿ ಎನ್ನುವುದು. ಕಾಮಾಲೆ ಕಣ್ಣಿಗೆ ಕಾಣುವುದೆಲ್ಲ ಹಳದಿಯಂತೆ. ಬಸ್ಸಿನಲ್ಲಿ ಪಕ್ಕದವರು ಎರಡು ಸಲ "ಹಾಂ?" ಎಂದರೂ ಸಾಕು, ಅವಳಿಗೆ ಅವರ ಕಿವಿಯ ಮೇಲೆ ಅನುಮಾನ.

ಭಾನುವಾರ ಮಧ್ಯಾಹ್ನ ಟೈಲರ್ ಮಾವನ ಅಂಗಡಿಯ ಮಹಡಿಯಲ್ಲಿ ಐದಾರು ಜಾಝ್ ಸಂಗೀತದ ಹುಚ್ಚರು ಸೇರುತ್ತಿದ್ದರು. ಮಾವ ಯಾರಿಗೂ ಸಂಬಂಧದಲ್ಲಿ ಮಾವನಲ್ಲ, ಆದರೂ ಎಲ್ಲರಿಗೂ ಮಾವ. ಒಬ್ಬೊಬ್ಬರು ತಮಗಿಷ್ಟವಾದ ಒಂದೊಂದು ರೆಕಾರ್ಡ್ ತರಬೇಕು. ಅದು ಮುಗಿಯುವ ತನಕ ಯಾರೂ ತುಟಿ ಎರಡು ಮಾಡಬಾರದು, ಆಮೇಲೆ ಎಷ್ಟು ಬೇಕಾದರೂ ಜಗಳವಾಡಬಹುದು. ಲಿಫ್ಟ್ ರಿಪೇರಿ ಮಾಡುವ ಅವನು ಅಲ್ಲಿಗೆ ಹೊಸಬ.

ಗಂಡಸರು ಏನು ಹೇಳಿದರೂ ಅವನು ಥಟ್ಟನೆ ಉತ್ತರ ಕೊಡುತ್ತಿದ್ದ. ಅಲ್ಲಿದ್ದ ಒಬ್ಬಳೇ ಹೆಂಗಸು ಅವಳು, ಅವಳ ಮಾತಿಗೆ ಮಾತ್ರ "ಏನಂದ್ರಿ?" ಎಂದು ಬಗ್ಗುತ್ತಿದ್ದ. ಎಷ್ಟು ಬಗ್ಗುತ್ತಿದ್ದನೆಂದರೆ, ಅವನ ಎಡ ಹುಬ್ಬಿನೊಳಗಿನ ಹಳೆಯ ಗಾಯದ ಗೆರೆ ಅವಳಿಗೆ ಕಾಣುತ್ತಿತ್ತು. ಅದನ್ನು ನೋಡುವುದು ಬಿಟ್ಟು ಅವಳು ರೋಗ ಪತ್ತೆಹಚ್ಚಿದಳು. ದಪ್ಪ ದನಿ ಕೇಳುತ್ತದೆ, ತೆಳು ದನಿ ಕೇಳುವುದಿಲ್ಲ. ಮೇಲಿನ ಸ್ವರಗಳು ಹೋಗಿವೆ, ಪಾಪ.

ಟ್ರಂಪೆಟ್ ಎಂದರೆ ಪ್ರಾಣ ಬಿಡುತ್ತಿದ್ದವಳು ಮುಂದಿನ ವಾರದಿಂದ ದಪ್ಪ ದನಿಯ ಡಬಲ್ ಬಾಸ್ ರೆಕಾರ್ಡುಗಳನ್ನೇ ತರತೊಡಗಿದಳು. ಅದಾದರೂ ಅವನ ಕಿವಿಗೆ ನಿಲುಕಲಿ ಎಂದು.

"ಏನಮ್ಮಾ, ಪ್ರತಿ ವಾರ ಇದೇ ದಪ್ಪ ತಂತಿ," ಎಂದ ಮಾವ. "ನನ್ನ ಹೊಲಿಗೆ ಮೆಷೀನೇ ವಾಸಿ."

"ಇರ್ಲಿ ಬಿಡಿ ಮಾವ, ಚೆನ್ನಾಗಿದೆ," ಎಂದ ಲಿಫ್ಟಿನವನು. ಅವಳಿಗೆ ಹೊಟ್ಟೆ ತಣ್ಣಗಾಯಿತು.

ಆರು ವಾರ ಹೀಗೆ ಕಳೆದ ಮೇಲೆ ಅವಳ ಮೇಜಿನ ಮೇಲೆ ಒಂದು ಕಟ್ಟು ಫಾರಂ ಬಂತು. ಲಿಫ್ಟ್ ಕಂಪನಿ ತನ್ನ ಮೆಕ್ಯಾನಿಕ್‌ಗಳಿಗೆ ಮಾಡಿಸುವ ವರ್ಷದ ಪರೀಕ್ಷೆ. ಅದರಲ್ಲಿ ಅವನದೂ ಒಂದು. ಲಿಫ್ಟ್ ಕೆಡುವ ಮೊದಲು ಸದ್ದಲ್ಲೇ ಹೇಳುತ್ತದೆ ಎಂದು ಅವನೇ ಒಮ್ಮೆ ಹೇಳಿದ್ದ. ಕಿವಿ ಹೋದರೆ ಅವನ ಕೆಲಸವೂ ಹೋಗುತ್ತದೆ, ಹಾಗೆಂದು ಬರೆಯಬೇಕಾದವಳು ಇವಳು. ಸುಳ್ಳು ಬರೆದರೆ ನಾಳೆ ಯಾರದೋ ತಲೆಯ ಮೇಲೆ ಲಿಫ್ಟ್.

ಅದೇ ದಿನ ಮೂರು ಗಂಟೆಗೆ ಅವನು ಬಂದ. ಗಾಜಿನ ಕೋಣೆಯಲ್ಲಿ ಕೂತು, ಗುಂಡಿ ಹಿಡಿದು, ಅವಳನ್ನು ನೋಡಿ ನಕ್ಕ. ಅವಳು ನಗಲಿಲ್ಲ. ಮೇಲಿನ ಸ್ವರ ಕಳಿಸಿದಳು, ಒತ್ತಿದ. ಸದ್ದು ಇಳಿಸಿದಳು, ಒತ್ತಿದ. ಹತ್ತರಲ್ಲಿ ಒಬ್ಬರಿಗೂ ಕೇಳದಷ್ಟು ಇಳಿಸಿದಳು. ಅದಕ್ಕೂ ಒತ್ತಿದ. ಯಂತ್ರವೇ ಕೆಟ್ಟಿರಬೇಕೆಂದು ಹೆಡ್‌ಫೋನ್ ಬದಲಿಸಿ ಮತ್ತೆ ಮಾಡಿದಳು. ಅದೇ ಫಲ.

ಅವಳು ಬಾಗಿಲು ತೆರೆದಳು. "ನಿಮ್ಮ ಕಿವಿಗೆ ಏನೂ ಆಗಿಲ್ಲ."

"ಆಗಿದೆ ಅಂತ ಯಾರಂದ್ರು?"

"ಮತ್ತೆ ನಾನು ಏನು ಹೇಳಿದ್ರೂ ಏನಂದ್ರಿ, ಏನಂದ್ರಿ ಅಂತಿದ್ರಲ್ಲ?"

ಅವನು ಹೆಡ್‌ಫೋನಿನ ವೈರನ್ನು ಬೆರಳಿಗೆ ಸುತ್ತಿದ, ಬಿಚ್ಚಿದ. ಅಷ್ಟು ಒಳ್ಳೆಯ ಕಿವಿಗಳೆರಡೂ ಕೆಂಪಾದವು.

"ಮೊದಲನೇ ಸಲ ನೀವು ಎಲ್ಲರಿಗೂ ಹೇಳ್ತಿದ್ರಿ," ಎಂದ. "ಎರಡನೇ ಸಲ ನಂಗೊಬ್ಬನಿಗೇ ಹೇಳ್ತಿದ್ರಿ. ಅದಕ್ಕೇ."

ಅವಳು ಕುರ್ಚಿ ಎಳೆದುಕೊಂಡು ಕೂತಳು.

"ಇದಕ್ಕೆ ಜಾಣಕಿವುಡು ಅಂತಾರೆ. ಔಷಧಿ ಇಲ್ಲ. ನಿಮ್ಮ ಕಿವಿಗೆ ಸಿಗ್ಲಿ ಅಂತ ಆರು ವಾರ ಡಬಲ್ ಬಾಸ್ ತಂದೆ. ನಂಗೆ ಅದು ಅಷ್ಟಕ್ಕಷ್ಟೇ."

"ನಂಗೂ ಅಷ್ಟೇ," ಎಂದ ಅವನು ಮೆಲ್ಲಗೆ. "ನಿಮಗಿಷ್ಟ ಅಂತ ನಾನೂ ಎರಡು ತಗೊಂಡೆ."

ಅವನು ನಕ್ಕ. ಅವಳಿಗೂ ನಗು ಬಂತು. ಅವಳು ನುಂಗಿಕೊಂಡಳು.

"ನಗಬೇಡಿ. ನಿಮ್ಮ ಕೆಲಸ ಕಳೆಯೋ ಕಾಗದಕ್ಕೆ ನಾನೇ ಸಹಿ ಹಾಕ್ಬೇಕಲ್ಲ ಅಂತ ಬೆಳಿಗ್ಗೆ ಬಾತ್‌ರೂಮಲ್ಲಿ ಕೂತು ಅತ್ತಿದೀನಿ. ಕೇಳಿಸದವರ ಮುಖ ದಿನಾ ನೋಡೋಳು ನಾನು. ಅದು ಆಟ ಅಲ್ಲ."

ಅವನ ಮುಖದ ನಗು ಅಲ್ಲೇ ಆರಿತು. "ತಪ್ಪಾಯ್ತು," ಎಂದ. ಹೆಡ್‌ಫೋನ್ ಕೆಳಗಿಟ್ಟು, "ನೀವಂದ್ರೆ ಇಷ್ಟ. ನೇರವಾಗಿ ಹೇಳೋಕೆ ಬಾಯಿ ಬರಲಿಲ್ಲ. ಇನ್ಮೇಲೆ ಹಾಗೆ ಮಾಡಲ್ಲ," ಎಂದ.

ಅವಳು ಫಾರಂನಲ್ಲಿ "ಎರಡೂ ಕಿವಿ ಉತ್ತಮ" ಎಂದು ಬರೆದು ಸಹಿ ಮಾಡಿದಳು, ಮೊಹರು ಒತ್ತಿದಳು. ಅದನ್ನು ಅವನ ಕೈಗೆ ಕೊಡದೆ ಹಿಡಿದುಕೊಂಡೇ ಇದ್ದಳು.

"ಮನೇಲಿ ಒಂದು ರೆಕಾರ್ಡ್ ಇದೆ," ಎಂದಳು. "ಟ್ರಂಪೆಟ್ಟಿಂದು. ಮಾವನ ಅಂಗಡಿಗೆ ಯಾವತ್ತೂ ತಂದಿಲ್ಲ."

"ಯಾಕೆ?"

"ಅದನ್ನ ಕೇಳೋವಾಗ ನನ್ನ ಮುಖ ಯಾರೂ ನೋಡಬಾರದು ಅಂತ."

ಅವನು ಯೋಚಿಸಿದ. "ಹಾಗಾದ್ರೆ ನಾನು ಗೋಡೆ ಕಡೆ ತಿರುಗಿ ಕೂತ್ಕೋತೀನಿ. ಕೇಳೋಕೆ ಕಿವಿ ಇದ್ರೆ ಸಾಕಲ್ಲ."

"ಬೇಡ," ಎಂದಳು ಅವಳು. "ಎದುರಿಗೇ ಕೂತ್ಕೊಳ್ಳಿ."